ಪಟ್ಟಿ ನೆನೆಯುವಷ್ಟು ಹೊತ್ತು

ಬಸವಕಲ್ಯಾಣದ ಕಡೆಯ ಮಂಠಾಳದಲ್ಲಿ ಸೋಮವಾರ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಾಘದ ಚಳಿ ಬಿಟ್ಟಿಲ್ಲ. ಅಂಗಳದ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ ಕಾಶಿರಾಮ ಅವರ ಎಡಗಾಲು, ಎದುರಿಗೆ ಮಣೆ ಹಾಕಿಕೊಂಡು ಕುಳಿತ ಹೆಂಗಸಿನ ತೊಡೆಯ ಮೇಲಿದೆ. ತೊಡೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತೊಳೆದು ಮಡಿಚಿದ ಬಿಳಿ ಬಟ್ಟೆ. ಕಾಯಿಸಿ ಆರಿಸಿದ ಉಪ್ಪುನೀರನ್ನು ಸೂಜಿಯಿಲ್ಲದ ಸಿರಿಂಜಿಗೆ ಎಳೆದುಕೊಂಡು, ಮೊನ್ನೆ ಕಟ್ಟಿದ ಪಟ್ಟಿಯ ಮೇಲೆ ಆಕೆ ಹನಿಹನಿಯಾಗಿ ಬಿಡುತ್ತಾರೆ. ಆಮೇಲೆ ಏನೂ ಮಾಡುವುದಿಲ್ಲ. ಪಾದದ ಎರಡೂ ಬದಿಗೆ ಕೈಯಿಟ್ಟು ಸುಮ್ಮನೆ ಕೂರುತ್ತಾರೆ. ತುಟಿ ಮಾತ್ರ ಅಲುಗುತ್ತಿರುತ್ತದೆ.

ಇವರು ಹುಮನಾಬಾದಿನ ಸಲೋಮಿಬಾಯಿ. ವಯಸ್ಸು ಐವತ್ತನಾಲ್ಕು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾದವರ ಮನೆಮನೆಗೆ ಹೋಗಿ, ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಇವರ ಕೆಲಸ. ತುಟಿಯ ಮೇಲಿರುವುದು ಏಸುಸ್ವಾಮಿ ತನ್ನವರಿಗೆ ಕಲಿಸಿದ ಪ್ರಾರ್ಥನೆ. ಅದನ್ನು ನಿಧಾನವಾಗಿ ಏಳು ಸಲ ಹೇಳಿ ಮುಗಿಸುವವರೆಗೆ ಪಟ್ಟಿಗೆ ಕೈ ಹಚ್ಚುವುದಿಲ್ಲ. ಅಷ್ಟರಲ್ಲಿ ಒಣಗಿ ಹುಣ್ಣಿಗೆ ಅಂಟಿದ ಬಟ್ಟೆ ನೆನೆದು ಸಡಿಲವಾಗುತ್ತದೆ. ಪ್ರಾರ್ಥನೆಯ ನಡುವೆ ಅವರು ಯಾರನ್ನೂ ಬೈಯುವಂತಿಲ್ಲ. ಇದು ಕಾಶಿರಾಮರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಆಕೆಯ ತುಟಿ ಅಲುಗಲು ಶುರುವಾದ ಮೇಲೆಯೇ ಅವರು ಬೀಡಿಗೆ ಕಡ್ಡಿ ಗೀರುವುದು.

ಏಳನೆಯದು ಮುಗಿಯುತ್ತದೆ. ಸಲೋಮಿಬಾಯಿ ಪಟ್ಟಿಯ ಒಂದು ತುದಿಯನ್ನು ಬೆರಳ ತುದಿಯಿಂದ ಎತ್ತುತ್ತಾರೆ. ಮೂಗು ಮೊದಲು ಹೇಳುತ್ತದೆ, ಕಣ್ಣು ಆಮೇಲೆ ನೋಡುತ್ತದೆ. ಕಿರುಬೆರಳಿನ ಬುಡದಲ್ಲಿ, ನಾಲ್ಕು ತಿಂಗಳಿಂದ ಮುಚ್ಚುತ್ತ ಬಂದಿದ್ದ ಹುಣ್ಣಿನ ಅಂಚು ಕಪ್ಪಾಗಿದೆ. ಶುಕ್ರವಾರ ಇಷ್ಟು ಕಪ್ಪಿರಲಿಲ್ಲ.

"ಹ್ಯಾಂಗದ ಬಾಯಿ?" ಎಂದು ಕೇಳುತ್ತಾರೆ ಕಾಶಿರಾಮ. ಅವರಿಗೆ ಕಾಲು ಕಾಣುತ್ತದೆ, ಆದರೆ ಏನೂ ಅನಿಸುವುದಿಲ್ಲ. ಕಾಯಿಲೆ ಅವರ ಪಾದದ ಸ್ಪರ್ಶವನ್ನೇ ತಿಂದು ಹಾಕಿದೆ.

"ಗುರುವಾರ ಬಸವಕಲ್ಯಾಣಕ್ಕ ಕಲಬುರಗಿ ದೊಡ್ಡ ಡಾಕ್ಟರು ಬರ್ತಾರ ಕಾಕಾ. ಅವರಿಗೆ ತೋರ್ಸೋಣ. ನಾನೂ ಬರ್ತೀನಿ."

"ಕಾಲು ಕಡೀತಾರೇನು?"

ಸಲೋಮಿಬಾಯಿ ತಲೆ ತಗ್ಗಿಸಿ ಹೊಸ ಪಟ್ಟಿ ಮಡಿಚುತ್ತಾರೆ. ಒಂದೇ ಬಟ್ಟೆಯನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಿಚುತ್ತಾರೆ. ಕಾಶಿರಾಮರಿಗೆ ಗೊತ್ತಿಲ್ಲವೆಂದು ಅವರು ತಿಳಿದಿರುವ ಒಂದು ಸಂಗತಿಯಿದೆ, ಅದು ಮೂರು ದಿನದಿಂದ ಅವರಿಗೆ ಅನ್ನ ಇಳಿಯಗೊಟ್ಟಿಲ್ಲ.

ಅದೇನೆಂದು ಹೇಳುವ ಮೊದಲು ಈ ಏಳು ಪ್ರಾರ್ಥನೆಯ ಲೆಕ್ಕ ಎಲ್ಲಿಂದ ಬಂತು ಎಂದು ಹೇಳಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಲೋಮಿಬಾಯಿ ಕುಷ್ಠರೋಗಿಗಳ ಒಂದು ಸಣ್ಣ ದವಾಖಾನೆಗೆ ಕಸ ಗುಡಿಸಲು ಸೇರಿದರು. ಈಗ ಅದು ಮುಚ್ಚಿಹೋಗಿದೆ. ಅಲ್ಲಿ ಪಟ್ಟಿ ಕಟ್ಟುತ್ತಿದ್ದವರು ಭಾಗಮ್ಮ ಎಂಬ ಹಿರಿಯ ಹೆಂಗಸು, ಇವರದೇ ಚರ್ಚಿನ ಸಭೆಯವರು. ಕೋಣೆಯಲ್ಲಿ ಗಡಿಯಾರವಿತ್ತು, ಆದರೆ ಅದು ಯಾವಾಗಲೂ ಹತ್ತೂಕಾಲು ತೋರಿಸುತ್ತಿತ್ತಂತೆ. ಭಾಗಮ್ಮನವರು ಪ್ರಾರ್ಥನೆಯಿಂದಲೇ ಹೊತ್ತು ಅಳೆಯುತ್ತಿದ್ದರು. ಹೊಸ ಹುಡುಗಿ ಅವಸರದಲ್ಲಿ ಒಂದು ಪಟ್ಟಿ ಎಳೆದಾಗ, ಬೈಯಲಿಲ್ಲ. ಅವಳ ಮುಂಗೈಗೇ ಅಂಟುಪಟ್ಟಿ ಹಚ್ಚಿ, ಚರ್ರೆಂದು ಕಿತ್ತರು.

"ಕಣ್ಣಾಗ ನೀರು ಬಂದ್ವು ನಂಗ," ಎಂದು ಈಗಲೂ ಮುಂಗೈ ಸವರಿಕೊಳ್ಳುತ್ತಾರೆ ಸಲೋಮಿಬಾಯಿ. "'ನೋಡಬೇ, ನಿನಗ ಅಳ್ಳಾಕ ಬರ್ತದ. ಈ ಮಂದಿಗಿ ಅಳ್ಳಾಕೂ ಬರಾಂಗಿಲ್ಲ, ಕಾಲಿಗಿ ಖಬರೇ ಇಲ್ಲ. ಅವರ ಪರವಾಗಿ ನಿನ್ನ ಕೈನೇ ನೋವು ತಿಳ್ಕೋಬೇಕು' ಅಂದ್ರು ಭಾಗಮ್ಮ. ಅಷ್ಟೇ ಅವರ ಪಾಠ. ನಂಗ ಅದು ತಿಳೀಲಾಕ ಹನ್ನೆರಡು ವರ್ಷ ಹಿಡೀತು."

ಹನ್ನೆರಡು ವರ್ಷ ಯಾಕೆ ಹಿಡಿಯಿತೆಂದು ಅವರ ಗಂಡ ಧನರಾಜರನ್ನು ಕೇಳಬೇಕು. ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುವ ಧನರಾಜ ತೊಗರಿ ಚೀಲವನ್ನು ನೆಲಕ್ಕಿಳಿಸಿ ಮನಸಾರೆ ನಗುತ್ತಾರೆ. "ಈಕಿ ಮೆತ್ತಗಿನ ಹೆಂಗಸು ಅಂತ ಯಾರ್ ಹೇಳ್ಯಾರ್ರಿ ನಿಮಗ? ಲಗ್ನ ಆದ ಹೊಸದಾಗಿ ನಮ್ಮ ಮನ್ಯಾಗ ತಾಟ ಹಾರ್ತಿದ್ವು. ಒಂದು ತಾಟ ಇನ್ನೂ ಸೊಟ್ಟ ಅದ, ಬರ್ರಿ ತೋರಸ್ತೀನಿ."

ಸಲೋಮಿಬಾಯಿ ಅದನ್ನು ಅಲ್ಲಗಳೆಯುವುದಿಲ್ಲ. ಹುಟ್ಟಿನಿಂದ ಶಾಂತರಾದವರನ್ನು ಕಂಡರೆ ತಮಗೆ ಹೊಟ್ಟೆಕಿಚ್ಚು ಎಂದೇ ಹೇಳುತ್ತಾರೆ. ಅವರ ಸಭೆಯಲ್ಲಿ ಆದಿತ್ಯವಾರ ಪಾಸ್ಟರು ದೀರ್ಘಶಾಂತಿಯ ಬಗ್ಗೆ, ಸಾತ್ವಿಕ ಮನಸ್ಸಿನ ಬಗ್ಗೆ ಉಪದೇಶ ಮಾಡಿದಾಗಲೆಲ್ಲ ಇವರಿಗೆ ಬೆವರು ಬರುತ್ತಿತ್ತಂತೆ. ಒಮ್ಮೆ ಹೆಂಗಸರ ಕೂಟದಲ್ಲಿ ಒಬ್ಬೊಬ್ಬರೂ ಎದ್ದು, ದೇವರು ಮಗನಿಗೆ ನೌಕರಿ ಕೊಟ್ಟ, ಜ್ವರ ಬಿಡಿಸಿದ ಎಂದು ಸಾಕ್ಷಿ ಹೇಳುತ್ತಿದ್ದರು. ಸಲೋಮಿಬಾಯಿ ಎದ್ದು, "ಈ ವಾರ ನಾ ಒಬ್ಬರ ಪಟ್ಟೀನೂ ಎಳೀಲಿಲ್ಲ" ಎಂದು ಕುಳಿತುಬಿಟ್ಟರು. ಕೂಟವೆಲ್ಲ ನಕ್ಕಿತು. ಅವರ ಮಟ್ಟಿಗೆ ಅದು ಜ್ವರ ಬಿಟ್ಟದ್ದಕ್ಕಿಂತ ದೊಡ್ಡ ಪವಾಡವಾಗಿತ್ತು.

ಅವರ ಸಾಧನೆ ಬೆಳಗಿನ ನಾಲ್ಕಕ್ಕೆ ಶುರುವಾಗುತ್ತದೆ. ಒಲೆಯ ಮೇಲೆ ಉಪ್ಪುನೀರು ಕುದಿಯುವವರೆಗೆ ಅಂಗೈ ಎರಡನ್ನೂ ಮೇಲೆ ಮಾಡಿ, ಮೊಣಕಾಲ ಮೇಲಿಟ್ಟು ಕೂರುತ್ತಾರೆ. ಆ ದಿನ ಮುಟ್ಟಬೇಕಾದ ಪಾದಗಳ ಒಡೆಯರನ್ನು ಹೆಸರು ಹಿಡಿದು ನೆನೆಯುತ್ತಾರೆ. ಇದಕ್ಕೊಂದು ಕ್ರಮವಿದೆ. "ಯಾರ ಮ್ಯಾಲ ನನ್ನ ಮನಸ್ಸು ಗಟ್ಟಿ ಆಗ್ಯಾದೋ ಅವರ ಹೆಸರು ಮೊದಲ. ಪ್ರೀತಿ ಇದ್ದವರದು ಆಮ್ಯಾಲ, ಅವರು ಹ್ಯಾಂಗೂ ನೆನಪಿರ್ತಾರ." ಬಹಳ ದಿನ ಮೊದಲ ಸ್ಥಾನದಲ್ಲಿದ್ದವರು ಹುಮನಾಬಾದಿನ ಮಕ್ಬೂಲ್ ಸಾಹೇಬರು, ಹಳೆಯ ಲಾರಿ ಚಾಲಕರು. ಪಟ್ಟಿ ಕಟ್ಟಿ ಮುಗಿದ ಮೇಲೆ ಪ್ರತಿಸಲವೂ "ಇನ್ನೊಮ್ಮೆ ಬಿಚ್ಚಿ ಕಟ್ಟು, ಬಿಗಿ ಆಯ್ತು" ಎನ್ನುವ ಆಸಾಮಿ.

ಈ ಹಾದಿಯಲ್ಲಿ ಸಲೋಮಿಬಾಯಿ ಕಂಡುಕೊಂಡ ಒಂದು ಸತ್ಯವಿದೆ. "ಸಿಟ್ಟು ಮೊದಲ ಬಾಯಿಗಿ ಬರಾಂಗಿಲ್ರಿ, ಹೆಬ್ಬಟ್ಟಿಗಿ ಬರ್ತದ. ಬಾಯಿ ಇನ್ನೂ 'ಕಾಕಾ, ಕಾಕಾ' ಅಂತಿರ್ತದ, ಹೆಬ್ಬಟ್ಟು ಗಟ್ಟಿ ಒತ್ತಿರ್ತದ. ಅದಕ್ಕ ನಾ ನನ್ನ ಬಾಯಿ ನಂಬಾಂಗಿಲ್ಲ, ಹೆಬ್ಬಟ್ಟು ನೋಡ್ಕೋತ ಇರ್ತೀನಿ."

ಐದರ ಬಸ್ಸಿಗೆ ಅವರು ಹುಮನಾಬಾದ್ ಬಿಡುತ್ತಾರೆ. ಬುಟ್ಟಿಯಲ್ಲಿ ಮೂರು ಲೀಟರ್ ಉಪ್ಪುನೀರು, ಹಬೆಯಲ್ಲಿ ಬೇಯಿಸಿದ ಪಟ್ಟಿಗಳ ಎರಡು ಡಬ್ಬಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಸೀಟು ಸಿಗುವುದು ಕಷ್ಟ, ನೀರಿನ ಡಬ್ಬಿ ಅಲುಗದಂತೆ ಎದೆಗವಚಿಕೊಂಡು ನಿಂತೇ ಹೋಗುತ್ತಾರೆ. ವಾರದಲ್ಲಿ ಮೂರು ದಿನ ಬಸವಕಲ್ಯಾಣದ ಕಡೆ, ಮೂರು ದಿನ ಚಿಟಗುಪ್ಪ, ಕೊಡಂಬಲದ ಕಡೆ. ಸದ್ಯ ಹನ್ನೊಂದು ಮಂದಿ, ಹದಿಮೂರು ಪಾದ. ಡಾಕ್ಟರ ಚೀಟಿಯಿಲ್ಲದೆ ಯಾವ ಕಾಲಿಗೂ ಕೈ ಹಾಕುವುದಿಲ್ಲ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ ಇದು ಎಂದು ಅವರಿಗೂ ಗೊತ್ತು.

ಈಗ ಮೊನ್ನೆಯ ಶುಕ್ರವಾರಕ್ಕೆ ಬರೋಣ.

ಕಾಶಿರಾಮರಿಗೆ ಸಲೋಮಿಬಾಯಿ ಹುಮನಾಬಾದಿನಲ್ಲಿ ಅಳತೆ ಕೊಟ್ಟು ಒಂದು ಜೊತೆ ಮೆತ್ತನೆಯ ಕಪ್ಪು ರಬ್ಬರಿನ ಚಪ್ಪಲಿ ಮಾಡಿಸಿಕೊಟ್ಟಿದ್ದರು. ಹುಣ್ಣಿನ ಕಾಲಿಗೆ ಅದು ಜೀವದಾನ. ಆದರೆ ಈ ಸೀಮೆಯಲ್ಲಿ ಆ ಚಪ್ಪಲಿಯನ್ನು ಜನ ಮೊದಲು ಕಂಡದ್ದು ಕುಷ್ಠರೋಗಿಗಳ ಕಾಲಲ್ಲಿ. ಆ ಶುಕ್ರವಾರಕ್ಕೆ ಎರಡು ದಿನ ಮೊದಲು, ಬುಧವಾರ, ಕಾಶಿರಾಮರ ಮೊಮ್ಮಗಳು ವರ್ಷಾಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಕೊಡಂಬಲದವರು. ಅಜ್ಜನ ಕಾಲಿನ ಚಪ್ಪಲಿ ನೋಡಿ ಬೀಗರು ಇಲ್ಲದ್ದು ತಿಳಿದುಕೊಂಡರೆ? ಕಾಶಿರಾಮ ಯಾರಿಗೂ ಹೇಳದೆ ಹಳೆಯ ಚರ್ಮದ ಬೂಟು ಮೆಟ್ಟಿ, ಬೆಳಗಿನಿಂದ ಸಂಜೆವರೆಗೆ ನಿಂತು ಎಲ್ಲರಿಗೂ ಊಟ ಬಡಿಸಿದರು. ಬೂಟು ಕಚ್ಚಿದ್ದು ಅವರಿಗೆ ತಿಳಿಯಲಿಲ್ಲ, ತಿಳಿಯುವ ಕಾಲೇ ಅದಲ್ಲ.

ಶುಕ್ರವಾರ ಬಂದ ಸಲೋಮಿಬಾಯಿಗೆ ಮೂಲೆಯಲ್ಲಿ ಬೂಟು ಕಂಡಿತು, ಪಟ್ಟಿಯ ಮೇಲೆ ಕಂದು ಕಲೆ ಕಂಡಿತು. ನಾಲ್ಕು ತಿಂಗಳು ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟಾಗಿ ಮುಚ್ಚಿಕೊಂಡು ಬಂದ ಹುಣ್ಣು. ಮೈಯೆಲ್ಲ ಉರಿದುಹೋಯಿತು. ಬೂಟಿನ ಮಾತೆತ್ತದೆ ನೀರು ಬಿಟ್ಟು ಕುಳಿತರು. ಪ್ರಾರ್ಥನೆಯನ್ನೂ ಬಿಡಲಿಲ್ಲ, ಏಳೂ ಹೇಳಿದರು.

"ಆದ್ರ ಹ್ಯಾಂಗ ಹೇಳ್ದೆ ಅಂತೀರಿ? ಗಡಬಡ ಗಡಬಡ, ಮುದುಕ ಹಲ್ಲಿಲ್ಲದ ಬಾಯಾಗ ಶೇಂಗಾ ನುಂಗಿದಂಗ. ಬಾಯಾಗ ದೇವರ ಹೆಸರು, ಮನಸ್ಸಿನ್ಯಾಗ ಆ ಬೂಟು. ಏಳಾಯ್ತು ಅಂತ ಪಟ್ಟಿ ಹಿಡದು ಎಳದೆ. ಅದು ಇನ್ನೂ ನೆನದಿದ್ದಿಲ್ರಿ." ಅವರ ದನಿ ಸಣ್ಣದಾಗುತ್ತದೆ. "ಹೊಸಾ ಚರ್ಮ ಅದರ ಕೂಡ ಬಂತು. ರಕ್ತ ಬಂತು. ಕಾಕಾ ಬ್ಯಾರೆ ಕಡೆ ನೋಡಾಕತ್ತಿದ್ರು. ಅವರಿಗೆ ಖಬರೇ ಇಲ್ಲ."

ಯಾರೂ ನೋಡಲಿಲ್ಲ, ಯಾರಿಗೂ ನೋವಾಗಲಿಲ್ಲ. ಸಲೋಮಿಬಾಯಿಯ ಸಂಕಟವೇ ಅದು. ಒಬ್ಬರು 'ಅಯ್ಯೋ' ಅಂದಿದ್ದರೆ ಅಲ್ಲೇ ಕ್ಷಮೆ ಕೇಳಿ ಹಗುರಾಗಬಹುದಿತ್ತು. ಅವರು ರಕ್ತ ಒರೆಸಿ, ಪಟ್ಟಿ ಕಟ್ಟಿ, ಕಾಶಿರಾಮರ ಹೆಂಡತಿ ಜಿಜಾಬಾಯಿ ಕೊಟ್ಟ ಚಹಾ ಕುಡಿದು ಬಂದುಬಿಟ್ಟರು. ಅಂದಿನಿಂದ ನಿದ್ದೆಯಿಲ್ಲ. ಹೇಳಿದರೆ ಆ ಮನೆಯ ಬಾಗಿಲು ಮುಚ್ಚಬಹುದು, ಸುದ್ದಿ ಹರಡಿ ಉಳಿದ ಹತ್ತು ಮನೆಯ ಬಾಗಿಲೂ ಮುಚ್ಚಬಹುದು. ಹೇಳದಿದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ, ಬೂಟಿನ ಮೇಲೆ ಹಾಕಿ ಸುಮ್ಮನಿರಬಹುದು. ಸೋಮವಾರದಿಂದ ಬುಧವಾರದವರೆಗೆ ಅವರು ಮುಟ್ಟಿದ ಪ್ರತಿ ಪಾದದಲ್ಲೂ ಕಪ್ಪು ಅಂಚೇ ಕಂಡಿತು. ಬೆಳಗಿನ ಹೆಸರುಗಳ ಸಾಲಿನಲ್ಲಿ ಮೊದಲ ಹೆಸರು ಬದಲಾಯಿತು. ಅಲ್ಲಿ ಕಾಶಿರಾಮರೂ ಇರಲಿಲ್ಲ, ಮಕ್ಬೂಲ್ ಸಾಹೇಬರೂ ಇರಲಿಲ್ಲ. ಮನಸ್ಸು ಗಟ್ಟಿಯಾದದ್ದು ತಮ್ಮ ಮೇಲೆಯೇ. "ನನ್ನ ಹೆಸರು ನಾನೇ ಹಿಡೀಲಾಕ ನಾಚಿಕಿ ಬಂತ್ರಿ," ಎನ್ನುತ್ತಾರೆ.

ಗುರುವಾರ ಬಸವಕಲ್ಯಾಣದ ದವಾಖಾನೆಯ ಬೆಂಚಿನ ಮೇಲೆ ಕಾಶಿರಾಮ, ಜಿಜಾಬಾಯಿ, ಸಲೋಮಿಬಾಯಿ ಸಾಲಾಗಿ ಕುಳಿತಿದ್ದಾರೆ. ಮುಂದೆ ಇನ್ನೂ ಹದಿನಾಲ್ಕು ಮಂದಿ. ಒಳಗಿನಿಂದ ಹೆಸರು ಕೂಗಿದಾಗಲೆಲ್ಲ ಸಲೋಮಿಬಾಯಿ ಬೆಚ್ಚುತ್ತಾರೆ. ಜಿಜಾಬಾಯಿ ಬಾಟಲಿಗೆ ನೀರು ತುಂಬಲು ಎದ್ದು ಹೋಗುತ್ತಾರೆ. ಈಗ ಹೇಳದಿದ್ದರೆ ಮತ್ತೆ ಬಾಯಿ ಬರುವುದಿಲ್ಲ.

"ಕಾಕಾ, ಶುಕ್ರವಾರ ನಾ ಪಟ್ಟಿ ನೆನೀಲಾರದ ಎಳದೀನಿ. ಸಿಟ್ಟಿನಾಗ ಎಳದೀನಿ. ಚರ್ಮ ಕಿತ್ತು ಬಂತು. ನಿಮಗ ಹೇಳಲಿಲ್ಲ."

ಕಾಶಿರಾಮ, "ನಂಗ ಗೊತ್ತದ ಬಾಯಿ" ಎನ್ನುತ್ತಾರೆ.

"ಹ್ಯಾಂಗ ಗೊತ್ತು? ಕಾಲಿಗಿ ಖಬರಿಲ್ಲಲ್ಲ?"

"ದಿನಾ ನಿನ್ನ ಪ್ರಾರ್ಥನಾ ಮುಗಿಯೋತನಾ ನಂದೊಂದು ಬೀಡಿ ಮುಗೀತದ. ಅವತ್ತು ಅರ್ಧಾ ಬೀಡಿ ಕೈಯಾಗೇ ಇತ್ತು, ನೀ ಪಟ್ಟಿ ತಗದಿದ್ದಿ. ಈಕಿಗಿ ಇವತ್ತು ಗುಸ್ಸಾ ಬಂದದ ಅಂತ ತಿಳ್ಕೊಂಡು ಆ ಕಡೀ ಮಾರಿ ಮಾಡಿದೆ. ಬೂಟು ಹಾಕ್ಕೊಂಡು ತಪ್ಪು ಮಾಡ್ದಾಂವ ನಾನು. ಏನರೆ ಅಂದ್ರ ನೀ ಬರೂದೇ ಬಿಟ್ಟಿ ಅಂತ ಅಂಜಿದ್ದೆ."

ಆ ಬೆಂಚಿನ ಮೇಲೆ ಕುಳಿತ ಇಬ್ಬರೂ ಆರು ದಿನದಿಂದ ಒಬ್ಬರಿಗೊಬ್ಬರು ಅಂಜಿಕೊಂಡೇ ಇದ್ದರು. ಸಲೋಮಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾರೆ. ನೀರು ತಂದ ಜಿಜಾಬಾಯಿ, ಡಾಕ್ಟರು ಒಳಗೆ ಕರೆಯದೆಯೇ ಕಾಲು ಕಡಿಯಲು ಹೇಳಿಬಿಟ್ಟರೆಂದು ತಿಳಿದು ತಾವೂ ಅಳಲು ಶುರುಮಾಡುತ್ತಾರೆ. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಒಳಗಿನಿಂದ ಕರೆ ಬರುತ್ತದೆ.

ಡಾಕ್ಟರು ಹುಣ್ಣಿನ ಆಳ ತಿಳಿಯಲು ತೆಳ್ಳನೆಯ ಸಲಾಕೆ ಹಾಕಿ ನೋಡುತ್ತಾರೆ, ಎಕ್ಸ್‌ರೇ ದೀಪಕ್ಕೆ ಹಿಡಿಯುತ್ತಾರೆ. ಕಿರುಬೆರಳು ಉಳಿಯುವುದಿಲ್ಲ. ಪಾದ ಉಳಿಯುತ್ತದೆ, ಆದರೆ ಬೆರಳು ತೆಗೆದ ಗಾಯ ಮಾಯಬೇಕು. ಮಾಯದಿದ್ದರೆ ಮತ್ತೆ ಮೇಲಕ್ಕೆ ಕತ್ತರಿಸಬೇಕಾಗುತ್ತದೆ. ಸಲೋಮಿಬಾಯಿ ಇದ್ದದ್ದನ್ನು ಇದ್ದ ಹಾಗೆ ಅವರಿಗೂ ಹೇಳಿ, ಇದು ತನ್ನಿಂದಾದದ್ದೋ ಬೂಟಿನಿಂದಾದದ್ದೋ ಎಂದು ಕೇಳುತ್ತಾರೆ. ಬೂಟು, ಸಕ್ಕರೆ, ಬೀಡಿ, ನಿಮ್ಮ ಕೈ, ಇದರಲ್ಲಿ ಯಾವುದೆಂದು ಈಗ ಯಾರೂ ಹೇಳಲಾರರು ಎನ್ನುತ್ತಾರೆ ಡಾಕ್ಟರು. ಆ ಉತ್ತರವನ್ನು ಹೊತ್ತುಕೊಂಡೇ ಬದುಕಬೇಕು. ಅದರಿಂದ ಬಿಡುಗಡೆಯಿಲ್ಲ ಎಂಬುದು ಸಲೋಮಿಬಾಯಿಗೆ ಅರ್ಥವಾಗಿದೆ.

ಅವರನ್ನು ಮನೆಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ಬೆರಳು ತೆಗೆಸಿಕೊಂಡು ಬಂದ ಮೇಲೆ ಕಾಶಿರಾಮ ಬೀಡಿ ಬಿಟ್ಟಿದ್ದಾರೆ, ಕಡೇ ಪಕ್ಷ ಅಂಗಳದಲ್ಲಿ ಸೇದುವುದಿಲ್ಲ. ಮೂರು ವಾರವಾಗಿದೆ. ಗಾಯ ಇನ್ನೂ ಎರಡು ಮನಸ್ಸು ಮಾಡುತ್ತಿದೆ: ಒಂದು ದಿನ ಕೆಂಪಾಗಿ ಆಸೆ ಹುಟ್ಟಿಸಿದರೆ, ಇನ್ನೊಂದು ದಿನ ಬಿಳಿಚಿಕೊಂಡು ಅಂಜಿಸುತ್ತದೆ.

ಈ ದಿನ ಬೆಳಗ್ಗೆ ಸಲೋಮಿಬಾಯಿ ಕಾಲು ತೊಡೆಗೆ ಎತ್ತಿಕೊಂಡರೆ ಪಟ್ಟಿಯ ಮೇಲೆಲ್ಲ ಹಳದಿ. ಯಾರೋ ಹೇಳಿದರೆಂದು ಜಿಜಾಬಾಯಿ ರಾತ್ರಿ ಅರಿಶಿನ, ಎಣ್ಣೆ ಕಲಸಿ ಪಟ್ಟಿಯ ಸಂದಿಯಿಂದ ತುಂಬಿದ್ದಾರೆ. ಅದು ಒಣಗಿ, ಬಟ್ಟೆಯೂ ಗಾಯವೂ ಒಂದಾಗಿ ಕಚ್ಚಿಕೊಂಡಿವೆ. ಸಲೋಮಿಬಾಯಿಯ ಮುಖ ಕೆಂಪಾಗುತ್ತದೆ. ಜಿಜಾಬಾಯಿ ಬಾಗಿಲ ಹಿಂದೆ ಸರಿಯುತ್ತಾರೆ. ವರ್ಷಾ ನೀರಿನ ಡಬ್ಬಿ ಹಿಡಿದು ಉಸಿರು ಬಿಗಿಹಿಡಿದಿದ್ದಾಳೆ.

ಸಲೋಮಿಬಾಯಿ ನೀರು ಬಿಡುತ್ತಾರೆ, ಪ್ರಾರ್ಥನೆ ಶುರುಮಾಡುತ್ತಾರೆ. ಮೂರನೆಯದಕ್ಕೆ ಬಂದಾಗ ತಟ್ಟನೆ ನಿಲ್ಲುತ್ತಾರೆ. ತಮ್ಮ ಹೆಬ್ಬೆರಳನ್ನು ನೋಡಿಕೊಳ್ಳುತ್ತಾರೆ. ಅದು ಕಾಶಿರಾಮರ ಪಾದದ ಮೇಲೆ ಬೆಳ್ಳಗಾಗುವಷ್ಟು ಒತ್ತಿದೆ. ಕೈ ಎರಡನ್ನೂ ಎತ್ತಿ ಪಕ್ಕಕ್ಕಿಡುತ್ತಾರೆ.

"ವರ್ಷಾ, ಇನ್ನಷ್ಟು ನೀರು ಹಾಕವ್ವ. ನಾ ಮತ್ತ ಒಂದರಿಂದ ಹಿಡೀತೀನಿ."

"ಮೌಶಿ, ಎಂಟರ ಬಸ್ಸು ಹೋಗ್ತದ ನೋಡ್ರಿ. ಬಸವಕಲ್ಯಾಣದಾಗ ನಿಮ್ಮ ದಾರಿ ಕಾಯ್ತಿರ್ತಾರ."

"ಹೋಗ್ಲಿ."

ಏಳಕ್ಕೆ ಪಟ್ಟಿ ಬಿಡುವುದಿಲ್ಲ. ಅವರು ಮುಟ್ಟುವುದಿಲ್ಲ. ಹತ್ತಾಗುತ್ತದೆ, ಹದಿನಾಲ್ಕಾಗುತ್ತದೆ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿ ನಿಲ್ಲುತ್ತದೆ. ಇಪ್ಪತ್ತೊಂದನೆಯದರ ನಡುವೆ ಬಟ್ಟೆಯ ಅಂಚು ತಾನಾಗಿ ಎದ್ದು, ಹಳದಿ ನೀರಿನಲ್ಲಿ ತೇಲಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಕೆಳಗೆ ಎಳೆಯ ಕೆಂಪು ಮಾಂಸ, ಎಲ್ಲೂ ಒಂದು ಗೀರಿಲ್ಲ. ಸಲೋಮಿಬಾಯಿ ಬಗ್ಗಿ ಮೂಗು ಹತ್ತಿರ ಒಯ್ದು ನೋಡುತ್ತಾರೆ. ವಾಸನೆಯೂ ಇಲ್ಲ. ಅವರ ಹೆಗಲು ಸಡಿಲವಾಗುತ್ತದೆ.

ಗೋಡೆಗೊರಗಿ ಕಣ್ಣುಮುಚ್ಚಿದ್ದ ಕಾಶಿರಾಮ, "ಪಟ್ಟಿ ತಗದ್ಯಾ ಬಾಯಿ?" ಎಂದು ಕೇಳುತ್ತಾರೆ.

"ಬಂತ್ರಿ ಕಾಕಾ."

"ಖರೇನು? ನಂಗ ಗೊತ್ತೇ ಆಗ್ಲಿಲ್ಲ."

"ನಿಮಗ ಗೊತ್ತಾಗಾಂಗಿಲ್ರಿ," ಎನ್ನುತ್ತ ಸಲೋಮಿಬಾಯಿ ಹೊಸ ಪಟ್ಟಿ ಬಿಚ್ಚುತ್ತಾರೆ. "ನನಗ ಗೊತ್ತಾಯ್ತು."